ಹೊಟ್ಟೆನೋವಿಗೆ ಕಣ್ಣಿನ ಡಾಕ್ಟರು

ಹೊಟ್ಟೆನೋವು ಬಂದರೆ ಕಣ್ಣಿನ ಡಾಕ್ಟರ ಹತ್ತಿರ ಓಡುವಷ್ಟು ಜಾಣರು ನಿಮ್ಮ ಮನೆಯಲ್ಲಿ ಯಾರಾದರೂ ಇದ್ದಾರೇನು? ನಮ್ಮ ಮನೆಯಲ್ಲಿದ್ದರು. ಜಾಣತನ ನಮ್ಮಜ್ಜಿಯದು, ಹೊಟ್ಟೆ ನನ್ನದು.

ಈ ಹಳೆಯ ಸಂಗತಿಯನ್ನು ಕೆದಕಿದವಳು ಮೊಮ್ಮಗಳು ಚಿನ್ನಿ. ಮೊನ್ನೆ ವಿದ್ಯಾನಗರದ ಹಲ್ಲಿನ ಡಾಕ್ಟರ ಕುರ್ಚಿಯಲ್ಲಿ ಒರಗಿದ್ದೆ. ಅವರ ಕೈ ಎಷ್ಟು ಮೆತ್ತಗೆ ಅನ್ನಿಸಿ, ಮೊಣಕಾಲು ನೋವಿಗೂ ಏನಾದರೂ ಬರೆದುಕೊಡಿ ಎಂದು ಕೇಳಿಬಿಟ್ಟೆ. ಚಿನ್ನಿ ಮನೆ ಮುಟ್ಟುವವರೆಗೂ ನಕ್ಕಳು. "ಅಜ್ಜಿ, ಯಾವ ಡಾಕ್ಟ್ರು ಯಾವುದಕ್ಕೆ ಅಂತ ನಿನಗೆ ಗೊತ್ತೇ ಇಲ್ಲೇನು?" ಗೊತ್ತಿಲ್ಲದೆ ಏನು. ಒಂಬತ್ತನೇ ವಯಸ್ಸಿನಲ್ಲಿ, ಕಾರಿನ ಹಿಂದಿನ ಸೀಟಿನಲ್ಲಿ ಮಲಗಿ, ಸತ್ತೇಹೋಗುತ್ತೇನೆ ಎಂಬ ಭಯದಲ್ಲಿ ಕಲಿತ ಪಾಠ ಅದು. ಬರೆದೇ ಕೊಡುತ್ತೇನೆ ತಡೆ ಎಂದು, ಅವಳೇ ಕಲಿಸಿದ ಹಾಗೆ ಫೋನನ್ನು ಒಂದು ಬೆರಳಿನಿಂದ ಕುಟ್ಟುತ್ತ ಕೂತಿದ್ದೇನೆ. ನಾನು ಹೊಟ್ಟೆ ಎಂದು ಒತ್ತಿದರೆ ಇದು ಹೋಟೆಲ್ ಎನ್ನುತ್ತದೆ. ದಾವಣಗೆರೆಯ ಫೋನು, ಅದಕ್ಕೆ ಸದಾ ದೋಸೆಯ ಧ್ಯಾನ.

ಅರವತ್ತರ ದಶಕ ಆಗ ತಾನೇ ಕಣ್ಣು ಬಿಟ್ಟಿತ್ತು. ಡಾಕ್ಟರು ಏನು ಓದಿದ್ದಾರೆ ಎಂದು ನಮ್ಮ ಓಣಿಯಲ್ಲಿ ಯಾರೂ ಕೇಳುತ್ತಿರಲಿಲ್ಲ. ಕೈಗುಣ ಹೇಗಿದೆ ಎಂದು ಕೇಳುತ್ತಿದ್ದರು. ಮುಟ್ಟಿದರೆ ವಾಸಿಯಾಗಬೇಕು, ಅದು ಕೈಗುಣ. ಹರಿಹರದ ಡಾಕ್ಟರೊಬ್ಬರು ನಮ್ಮಜ್ಜಿಯ ಕಣ್ಣಿನ ಪೊರೆ ತೆಗೆದಿದ್ದರು. ಪಟ್ಟಿ ಬಿಚ್ಚಿದ ದಿನ ಅಜ್ಜಿ ಮೊದಲು ನೋಡಿದ್ದು ನನ್ನ ಮುಖ. "ಇಷ್ಟು ಬಡಕಲಾಗಿದ್ಯೇನೆ ನೀನು" ಎಂದಳು. ಅಂದಿನಿಂದ ಆ ಕೈಯನ್ನು ಬಿಟ್ಟರೆ ಅವಳಿಗೆ ಬೇರೆ ವೈದ್ಯವಿಲ್ಲ. ಪಕ್ಕದ ಮನೆಯವರ ಕೆಮ್ಮು, ಸೋದರಮಾವನ ಸೊಂಟ, ಎಲ್ಲವನ್ನೂ ರೈಲು ಹತ್ತಿಸಿ ಹರಿಹರಕ್ಕೆ ಒಯ್ಯುತ್ತಿದ್ದಳು. ಅವರು ನಾನು ಕಣ್ಣಿನವನು ಎಂದು ಕೈ ಮುಗಿದು ವಾಪಸು ಕಳಿಸುತ್ತಿದ್ದರು. ಅಜ್ಜಿ ಅದನ್ನು ದೊಡ್ಡವರ ವಿನಯ ಎಂದುಕೊಂಡಿದ್ದಳು. "ಕಣ್ಣು ಎಷ್ಟು ನಾಜೂಕು. ಅದನ್ನೇ ರಿಪೇರಿ ಮಾಡಿದೋರಿಗೆ ಸೊಂಟ ಯಾವ ಮಹಾ" ಎನ್ನುವುದು ಅವಳ ವಾದ.

ಒಂದು ಬೆಳಗ್ಗೆ ನನ್ನ ಹೊಕ್ಕುಳ ಸುತ್ತ ನೋವು ಶುರುವಾಯಿತು. ಸ್ವಲ್ಪ ಹೊತ್ತಿಗೆ ಅದು ಬಲಗಡೆಗೆ ಇಳಿದು ಅಲ್ಲೇ ಕೂತಿತು. ತಿಂದದ್ದೆಲ್ಲ ವಾಂತಿಯಾಯಿತು. ಮಕ್ಕಳ ಹೊಟ್ಟೆನೋವಿಗೆ ನಮ್ಮಲ್ಲಿ ಇದ್ದದ್ದು ಒಂದೇ ಮದ್ದು, ಹರಳೆಣ್ಣೆ. ಅವ್ವ ಎಣ್ಣೆ ಬೆಚ್ಚಗೆ ಮಾಡಿ, ನನ್ನ ಮೂಗು ಹಿಡಿದು, ಲೋಟವನ್ನು ತುಟಿಗೆ ತಂದಿದ್ದಳು. ಅಜ್ಜಿ ಲೋಟ ಕಸಿದು ಗೋಡೆಯ ಗೂಡಿನಲ್ಲಿಟ್ಟಳು.

"ಬಿಡೆ, ರೈಲು ತಪ್ತೈತೆ. ವಾಪಸ್ ಬಂದ ಮೇಲೆ ಎಣ್ಣೆ ಕುಡಿಸಿದ್ರಾತು."

"ಕಣ್ಣಿನ ಡಾಕ್ಟ್ರು ಹೊಟ್ಟೆ ಏನ್ ನೋಡ್ತಾರತ್ತಿ?"

"ಅವ್ರು ಮುಟ್ಟಿದ್ರೆ ಸಾಕು. ನೀ ಸುಮ್ನಿರು."

ರೈಲಿನಲ್ಲಿ ನಾನು ಮೊಣಕಾಲನ್ನು ಎದೆಗೆ ಒತ್ತಿಕೊಂಡು ಮಲಗಿದ್ದೆ. ಗಾಲಿ ಕುಲುಕಿದಾಗಲೆಲ್ಲ ಒಳಗೆ ಯಾರೋ ಸೂಜಿ ಆಡಿಸಿದ ಹಾಗೆ. ಹರಿಹರದ ಆಸ್ಪತ್ರೆಯ ಬೆಂಚಿನ ಮೇಲೆ ಕಣ್ಣಿಗೆ ಪಟ್ಟಿ ಕಟ್ಟಿಕೊಂಡವರು ಸಾಲಾಗಿ ಕೂತಿದ್ದರು. ಅವರನ್ನು ಕಂಡು ಹೊಟ್ಟೆನೋವು ಒಂದು ಗಳಿಗೆ ಮರೆತೇಹೋಯಿತು. ಇವರೂ ಹೊಟ್ಟೆನೋವು ಅಂತಲೇ ಬಂದವರಿರಬೇಕು, ಇನ್ನು ನನ್ನ ಕಣ್ಣೂ ಉಳಿಯುವುದಿಲ್ಲ ಎಂದು ಅಜ್ಜಿಯ ಸೆರಗನ್ನು ಮುಖದ ಮೇಲೆ ಎಳೆದುಕೊಂಡೆ.

ಡಾಕ್ಟರು ನಗುತ್ತಲೇ ಬಂದರು. "ಅಜ್ಜಿ, ನಾನು ಕಣ್ಣಿನವನು ಅಂತ ಎಷ್ಟು ಸಲ ಹೇಳ್ಬೇಕ್ರಿ?"

"ಒಂದ್ಸಲ ಕೈ ಇಡ್ರಿ ಸಾಕು."

ಇಟ್ಟರು. ಬಲಗಡೆ ಮೆಲ್ಲಗೆ ಒತ್ತಿ, ಫಕ್ಕನೆ ಕೈ ತೆಗೆದರು. ಒತ್ತಿದ್ದಕ್ಕಿಂತ ಬಿಟ್ಟಾಗಲೇ ಜೀವ ಹೋಯಿತು. ಅವರ ನಗುವೂ ಹೋಯಿತು. ಅದನ್ನು ನಾನು ಕಂಡೆ. ಡಾಕ್ಟರ ಮುಖ ಬದಲಾಗುವುದನ್ನು ಕಾಣುವುದಕ್ಕಿಂತ ದೊಡ್ಡ ಭಯ ಇಷ್ಟು ವರ್ಷಗಳಲ್ಲಿ ನನಗೆ ಬೇರೆ ಸಿಕ್ಕಿಲ್ಲ.

"ಹರಳೆಣ್ಣೆ ಕುಡಿಸಿದ್ರೇನು?"

"ಇಲ್ರಿ, ರೈಲಿಗೆ ಹೊತ್ತಾತು ಅಂತ ಹಂಗೇ ಕರ್ಕೊಂಡ್ ಬಂದೆ."

ಅವರು ಉಸಿರು ಬಿಟ್ಟರು. "ಅಪೆಂಡಿಕ್ಸ್ ಇದ್ದಂಗೈತೆ. ಕೊಯ್ಯೋ ಡಾಕ್ಟ್ರು ಬೇಕು. ದಾವಣಗೆರೆ ದೊಡ್ಡಾಸ್ಪತ್ರೆಗೆ, ಈಗ್ಲೇ."

ಆ ದೊಡ್ಡಾಸ್ಪತ್ರೆ ನಮ್ಮ ಮನೆಯಿಂದ ನಡೆದು ಹೋಗುವಷ್ಟೇ ದೂರ. ಪಟ್ಟಿ ಕಟ್ಟಿಕೊಂಡವರಿಗೆ ಕಾಯಲು ಹೇಳಿ, ಡಾಕ್ಟರು ತಮ್ಮ ಕರಿ ಕಾರಿನಲ್ಲಿ ನನ್ನನ್ನು ಮಲಗಿಸಿ ತಾವೇ ಓಡಿಸಿದರು.

ಕಾರಿನ ಕಿಟಕಿಯಲ್ಲಿ ಬರೀ ಆಕಾಶ. ನನ್ನ ತಲೆ ಅಜ್ಜಿಯ ತೊಡೆಯ ಮೇಲಿತ್ತು. "ಕೊಯ್ಯೋದು ನೀವೇನ್ರಿ?" ಎಂದು ಕೇಳಿದೆ.

"ನಾನಲ್ಲವ್ವ. ನನಗೆ ಕಣ್ಣಷ್ಟೇ ಬರೋದು. ಹಲ್ಲಿಗೆ ಒಬ್ರು. ಮೂಳೆ ಮುರಿದ್ರೆ ಕೂಡಿಸೋರು ಒಬ್ರು. ಕಿವಿ, ಮೂಗು, ಗಂಟಲು ಮೂರಕ್ಕೂ ಸೇರಿ ಒಬ್ರೇ."

"ಮೂರಕ್ಕೂ ಒಬ್ರೇ ಯಾಕ?"

"ನೀರು ಕುಡಿಯುವಾಗ ನಕ್ಕರೆ ಮೂಗಿನಾಗೆ ಬರಲ್ವೇನು? ಒಳಗೊಳಗೇ ದಾರಿ ಐತೆ, ಅದಕ್ಕೆ."

ನನ್ನನ್ನು ಮಾತಿಗೆ ಎಳೆದಿದ್ದು ಯಾಕೆಂದು ಈಗ ಗೊತ್ತಾಗುತ್ತದೆ. ದಾರಿಯಲ್ಲಿ ಬಾತಿ ಹಳ್ಳಿಯ ಹತ್ತಿರ ರಸ್ತೆ ತುಂಬ ಗುಂಡಿ. ಪ್ರತಿ ಗುಂಡಿಗೂ ಅವರು ಒಬ್ಬೊಬ್ಬ ಡಾಕ್ಟರನ್ನು ಹೇಳುತ್ತ ಹೋದರು. ಎದೆ ಬಡಿತ ಕೇಳುವವರು, ಕಜ್ಜಿ ತುರಿ ನೋಡುವವರು, ಹೆರಿಗೆ ಮಾಡಿಸುವವರು, ಮಕ್ಕಳನ್ನು ಮಾತ್ರ ನೋಡುವವರು. ಕೊಯ್ಯುವವರ ಸರದಿ ಬಂದಾಗ ನಾನು ಅಳಲು ಶುರುಮಾಡಿದೆ.

"ನೋಯಲ್ಲವ್ವ. ನಿದ್ದೆ ಮಾಡ್ಸೋಕೇ ಒಬ್ರು ಡಾಕ್ಟ್ರು ಇರ್ತಾರೆ."

"ಆಮೇಲೆ ಎಬ್ಬಿಸೋರು ಯಾರು?"

ಅವರು ಕಾರು ನಿಧಾನ ಮಾಡಿ ಹಿಂದಕ್ಕೆ ತಿರುಗಿದರು. "ಅವರೇ. ನೀನು ಕಣ್ಣು ಬಿಡೋ ತನಕ ನಿನ್ನ ತಲೆ ಹತ್ರದಿಂದ ಏಳೋದಿಲ್ಲ. ಅವರ ಕೆಲಸಾನೇ ಅದು."

ಚಿನ್ನಿ, ಇಷ್ಟು ಕಾಲದಲ್ಲಿ ಎಷ್ಟೋ ಡಾಕ್ಟರ ಹೆಸರು ಮರೆತಿದ್ದೇನೆ. ತಲೆ ಹತ್ತಿರ ಕೂರುವ ಆ ಡಾಕ್ಟರನ್ನು ಮರೆತಿಲ್ಲ. ಮೂಗಿನ ಮೇಲೆ ಬಟ್ಟೆ ಇಟ್ಟು, ಒಂದು ಘಾಟು ವಾಸನೆಯ ಹನಿ ಬಿಡುತ್ತ, ಎಣಿಸು ಎಂದರು. ಹನ್ನೊಂದರವರೆಗೆ ಎಣಿಸಿದೆ. ಹನ್ನೆರಡು ಬಾಯಿಗೆ ಬರಲಿಲ್ಲ, ಇನ್ನು ಯಾವತ್ತೂ ಬರುವುದಿಲ್ಲ ಎಂದು ಹೆದರಿದ್ದೊಂದೇ ನೆನಪು. ಕಣ್ಣು ಬಿಟ್ಟಾಗ, ಕಣ್ಣಿನ ಡಾಕ್ಟರು ಹೇಳಿದ ಹಾಗೆ, ಅವರು ಅಲ್ಲೇ ಇದ್ದರು. ನಾನು ಹನ್ನೆರಡು ಎಂದೆನಂತೆ.

ಮಾರನೇ ದಿನ ಕೊಯ್ದ ಡಾಕ್ಟರು ಅಜ್ಜಿಗೆ ಹೇಳಿದರು, "ಎಣ್ಣೆ ಕುಡಿಸಿದ್ರೆ ಒಳಗೇ ಒಡೀತಿತ್ತು. ಉಳಿಸ್ಕೊಳ್ಳೋದು ಕಷ್ಟ ಇತ್ತು." ಅಲ್ಲೇ ಇದ್ದ ಅವ್ವ ಮನೆಗೆ ಹೋಗಿ, ಗೂಡಿನಲ್ಲಿ ಇನ್ನೂ ಹಾಗೇ ಇದ್ದ ಲೋಟದ ಎಣ್ಣೆಯನ್ನು ಹಿತ್ತಲಿಗೆ ಚೆಲ್ಲಿ ಬಂದಳಂತೆ.

ನಾನು ಹೈಸ್ಕೂಲಿಗೆ ಹೋಗಿ, ದೇಹದ ಭಾಗಗಳ ಚಿತ್ರ ಬರೆಯಲು ಕಲಿತು, ಬಾಯಿ ಬೆಳೆಸಿಕೊಂಡ ಮೇಲೆ ಒಂದು ದಿನ ಅಜ್ಜಿಯನ್ನು ಕೆಣಕಿದೆ. "ಮನೆ ಹತ್ರಾನೇ ಆಸ್ಪತ್ರೆ ಇಟ್ಕೊಂಡು, ಹೊಟ್ಟೆನೋವಿಗೆ ಕಣ್ಣಿನ ಡಾಕ್ಟ್ರನ್ನ ಹುಡುಕ್ಕೊಂಡು ಹೋದ್ಯಲ್ಲಜ್ಜಿ, ನಿನಗೆ ಬುದ್ಧಿ ಇತ್ತೇನು?"

ಅಜ್ಜಿ ಅಕ್ಕಿ ಆರಿಸುವುದನ್ನು ನಿಲ್ಲಿಸಲಿಲ್ಲ.

"ಬುದ್ಧಿ ಇದ್ದಿದ್ರೆ ಮನ್ಯಾಗೇ ಕೂಡ್ರಿಸಿ ಎಣ್ಣೆ ಕುಡಿಸ್ತಿದ್ದೆ. ಈಗ ನನಗೆ ಬುದ್ಧಿ ಹೇಳಾಕ ನೀ ಎಲ್ಲಿರ್ತಿದ್ದಿ?"