ಹುಳುಗಳ ಶೆಡ್ಡಿಗೆ ಬಂದ ಅಡುಗೆಯವರು

ನಾವು ಗಲ್ಫಿನಲ್ಲಿದ್ದಾಗ, ಜಿಂಜ್ ಎಂಬ ಬಡಾವಣೆಯಲ್ಲಿ ನಮ್ಮ ಕೆಳಗಿನ ಫ್ಲ್ಯಾಟಿನಲ್ಲಿದ್ದವರು ಕಾಪು ಕಡೆಯವರು. ಅಲ್ಲಿಯದೇ ಹೋಟೆಲೊಂದರಲ್ಲಿ ಇಪ್ಪತ್ತು ವರ್ಷ ಅಡುಗೆ ಮಾಡಿದವರು. ನನಗಿಂತ ಹಿರಿಯರು, ಅಣ್ಣ ಅಂತಲೇ ಕರೆಯುತ್ತಿದ್ದೆ. ಕೋವಿಡ್ ಬಂದು ವಾಸಿಯಾದ ಮೇಲೂ ಅವರಿಗೆ ವಾಸನೆ ತಿಳಿಯುವ ಶಕ್ತಿ ಮರಳಲಿಲ್ಲ. ಒಗ್ಗರಣೆ ಸೀದದ್ದು ಗೊತ್ತಾಗುತ್ತಿರಲಿಲ್ಲ. ಒಮ್ಮೆ ಕೆಟ್ಟ ಮೀನನ್ನೇ ಸಾರು ಮಾಡಿದರು. ಅಲ್ಲಿಗೆ ಕೆಲಸ ಹೋಯಿತು.

ನಾನಾಗ ಅಲ್ಲೇ ಹಿದ್ ಎಂಬ ಊರಿನ ಒಂದು ಶೆಡ್ಡಿನಲ್ಲಿ ಕೆಮಿಸ್ಟ್. ಹೋಟೆಲುಗಳ ಎಂಜಲನ್ನು ಒಂದು ಜಾತಿಯ ಕಪ್ಪು ನೊಣದ ಹುಳುಗಳಿಗೆ ತಿನ್ನಿಸಿ, ಬೆಳೆದ ಹುಳುಗಳನ್ನು ಒಣಗಿಸಿ ಪುಡಿ ಮಾಡಿ, ಅವುಗಳ ಕೊಬ್ಬಿನಿಂದ ಡೀಸೆಲ್ ತಯಾರಿಸುತ್ತಿದ್ದೆವು. ಅಲ್ಲಿಯ ನಾತಕ್ಕೆ ಕೆಲಸದವರು ಒಂದು ವಾರವೂ ನಿಲ್ಲುತ್ತಿರಲಿಲ್ಲ.

"ಅಣ್ಣ, ನಿಮಗೆ ಅಲ್ಲಿ ಏನೂ ತೊಂದ್ರೆ ಆಗ್ಲಿಕ್ಕಿಲ್ಲ," ಎಂದೆ.

ಅವರು ನಕ್ಕರು. "ದೇವರು ಮೂಗು ಕಿತ್ಕೊಂಡದ್ದು ಇದಕ್ಕೇಯಾ ಮಾರಾಯ?"

ಅವರ ಅರ್ಜಿಯಲ್ಲಿ ಆರೋಗ್ಯದ ಕಾಲಂ ತುಂಬಿದವನು ನಾನು. ತೊಂದರೆ ಏನೂ ಇಲ್ಲ ಎಂದು ಬರೆದೆ.

ಅನ್ನದ ರಾಶಿಯಿಂದ ಎಲುಬು, ಪ್ಲಾಸ್ಟಿಕ್ ಚಮಚ ಆರಿಸಿ ತೆಗೆಯುವುದು ಅವರ ಕೆಲಸ. ಬಿರಿಯಾನಿಯ ಮಾಂಸದ ತುಂಡೊಂದನ್ನು ಹಿಚುಕಿ, "ದಮ್ ಸರಿ ಆಗ್ಲಿಲ್ಲ ನೋಡು, ಇನ್ನೂ ಗಟ್ಟಿ ಉಂಟು," ಎನ್ನುತ್ತಿದ್ದರು. ಒಂದು ದಿನ ಅವರದೇ ಹಳೆಯ ಹೋಟೆಲಿನ ಡ್ರಮ್ಮು ಬಂತು. ಮೀನುಸಾರಿನ ಬಣ್ಣ ನೋಡಿ, "ನಾನು ಕಲಿಸಿದ ಮಸಾಲೆಯೇ," ಎಂದರು. ಮತ್ತೆ ತಾವೇ ಅದನ್ನು ಹುಳುಗಳ ಟ್ರೇಗೆ ಸುರಿದರು. ಆ ದಿನ ಊಟ ಮಾಡಲಿಲ್ಲ.

ಶೆಡ್ಡಿನ ಹಿಂದೆ ಚಿಕ್ಕ ಕೋಣೆಯಿತ್ತು. ಪುಡಿಯಿಂದ ಕೊಬ್ಬು ಬಿಡಿಸಲು ಪೆಟ್ರೋಲಿನಂತೆ ನಾರುವ ಒಂದು ದ್ರವವನ್ನು ಅಲ್ಲಿ ಬಳಸುತ್ತಿದ್ದೆವು. ಪೈಪು ಸೋರಿದರೆ ನಮ್ಮ ಮೂಗೇ ಹೇಳಬೇಕು, ಅಲಾರಂ ಇರಲಿಲ್ಲ. ಆಗಸ್ಟಿನ ಒಂದು ಮಧ್ಯಾಹ್ನ ಆ ಕೋಣೆಗೆ ಪುಡಿಯ ಚೀಲ ಹೊರುವವನು ರಜೆ ಹಾಕಿದ್ದ.

"ಅಣ್ಣ, ಆ ನಾಲ್ಕು ಚೀಲ ಒಳಗಿಟ್ಟು ಬನ್ನಿ," ಎಂದೆ.

ಸ್ವಲ್ಪ ಹೊತ್ತಾದರೂ ಅವರು ಬರಲಿಲ್ಲ. ಹುಡುಕಿಕೊಂಡು ಹೋದಾಗ ಬಾಗಿಲ ಹೊರಗೇ ವಾಸನೆ ನನ್ನ ಮುಖಕ್ಕೆ ಬಡಿಯಿತು. ಉಸಿರು ಬಿಗಿಹಿಡಿದು ಒಳಗೆ ನುಗ್ಗಿ ಅವರ ಕಂಕುಳಿಗೆ ಕೈಹಾಕಿ ಎಳೆದು ತಂದೆ. ತಲೆಸುತ್ತಿ ಬಿದ್ದಾಗ ಟ್ಯಾಂಕಿನ ಕಬ್ಬಿಣಕ್ಕೆ ತಲೆ ಬಡಿದಿತ್ತು. ಕಣ್ಣು ತೆರೆದೇ ಇತ್ತು, ಮಾತಿರಲಿಲ್ಲ. ನಾಲ್ಕನೆಯ ದಿನ ಆಸ್ಪತ್ರೆಯಲ್ಲಿ ತೀರಿಕೊಂಡರು.

ವಿಚಾರಣೆಯಲ್ಲಿ ಮ್ಯಾನೇಜರ್ ಹಿಂದಿಯಲ್ಲಿ ಕೇಳಿದರು. "ಅವರಿಗೆ ವಾಸನೆ ತಿಳಿಯುವುದಿಲ್ಲ ಅಂತ ನಿಮಗೆ ಗೊತ್ತಿತ್ತಾ?"

"ಇಲ್ಲ," ಎಂದೆ. ಆ ಒಂದು ಮಾತಿನಿಂದ ನನ್ನ ವೀಸಾ, ಮಗಳ ಶಾಲೆ ಉಳಿದವು. ಮುಂದಿನ ವಾರ ಕೋಣೆಗೆ ಅಲಾರಂ ಹಾಕಿಸಿದರು.

ಹೆಣ ಊರಿಗೆ ತಲುಪಿ ಕ್ರಿಯೆಗಳೆಲ್ಲ ಮುಗಿದ ಮೇಲೆ ಅವರ ಹೆಂಡತಿ ಫೋನ್ ಮಾಡಿದರು. ಅಳುತ್ತಿರಲಿಲ್ಲ.

"ಅವರಿಗೆ ವಾಸನೆ ಇಲ್ಲದ್ದು ನಿಮಗೆ ಗೊತ್ತಿತ್ತಲ್ಲ?"

"ಗೊತ್ತಿತ್ತು, ಅತ್ತಿಗೆ."

"ಮತ್ತೆ ಆ ಕೋಣೆಗೆ ಯಾಕೆ ಕಳಿಸಿದ್ರಿ?"

ಚೀಲ ಹೊರಲು ಬೇರೆ ಯಾರೂ ಇರಲಿಲ್ಲ, ಅಷ್ಟೇ. ಅವರೇ ಫೋನ್ ಇಟ್ಟರು.

ಮರುದಿನ ಮ್ಯಾನೇಜರರಿಗೆ ನಿಜ ಹೇಳಿಬಿಡಬೇಕೆಂದು ಅವರ ಕೋಣೆಗೆ ಹೋದೆ. ಕುರ್ಚಿ ತೋರಿಸಿದರು, ಕೂತೆ. ಟ್ರೇಗಳು ಸಾಲುತ್ತಿಲ್ಲ, ಇನ್ನಷ್ಟು ತರಿಸಬೇಕು ಎಂದು ಹೇಳಿ ಎದ್ದು ಬಂದೆ.