ಪಾತ್ರೆ ಅಂಗಡಿ ಅಮ್ಮನ ಪಾಪ

ಮೊನ್ನೆ ಟಿ. ನರಸೀಪುರದ ನಮ್ಮ ಮನೆಯ ಬಾಗಿಲಿಗೆ ಪೇಂಟ್ ಹೊಡೆಯಲು ಬಂದವನು ಟರ್ಪೆಂಟೈನ್ ಬಾಟಲಿಯ ಮುಚ್ಚಳ ತೆಗೆದ. ಅವನಿಗೆ ಅದು ಬಣ್ಣ ತೆಳು ಮಾಡುವ ಎಣ್ಣೆ. ದನದ ಡಾಕ್ಟರಾಗಿ ಸರ್ವಿಸ್ ಮುಗಿಸಿದ ನನಗೆ ಅದು ಹುಳ ಬಿದ್ದ ಗಾಯದ ಔಷಧಿ. ಆ ಘಾಟು ಮೂಗಿಗೆ ಬಡಿದದ್ದೇ ನಂಜನಗೂಡಿನ ಒಂದು ಹಿತ್ತಿಲು ಕಣ್ಣ ಮುಂದೆ ಬಂತು. ಅಲ್ಲಿ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಕೂತಿದ್ದ ಒಬ್ಬ ಹೆಂಗಸೂ...

ತೊಂಬತ್ತರ ದಶಕದಲ್ಲಿ ನಾನು ನಂಜನಗೂಡಿನಲ್ಲಿ ಕೆಲಸದಲ್ಲಿದ್ದೆ. ನನ್ನ ಬಾಡಿಗೆ ಮನೆಯ ಪಕ್ಕದಲ್ಲಿ ಒಂದು ಜೈನ ಕುಟುಂಬವಿತ್ತು. ಮಗನಿಗೆ ಪೇಟೆಯಲ್ಲಿ ಸ್ಟೀಲ್ ಪಾತ್ರೆ ಅಂಗಡಿ. ವಿಧವೆ ತಾಯಿಯನ್ನು ಬೀದಿಯವರೆಲ್ಲ ಪಾತ್ರೆ ಅಂಗಡಿ ಅಮ್ಮ ಎಂದೇ ಕರೆಯುತ್ತಿದ್ದರು. ಅಮ್ಮ ಬಾವಿಯ ನೀರನ್ನು ಬಟ್ಟೆಯಲ್ಲಿ ಸೋಸಿ, ಬಟ್ಟೆಯಲ್ಲಿ ಉಳಿದ ಕಣ್ಣಿಗೆ ಕಾಣದ ಜೀವಗಳಿಗೂ ಜಾಗ ಸಿಗಲೆಂದು ಅದನ್ನು ಮತ್ತೆ ಬಾವಿಯೊಳಗೇ ಜಾಲಿಸುತ್ತಿದ್ದರು. ಹೊತ್ತು ಮುಳುಗುವ ಮೊದಲೇ ಅವರ ಊಟ ಮುಗಿಯುತ್ತಿತ್ತು. ಇದರ ಬಗ್ಗೆ ಅವರು ಯಾರೊಂದಿಗೂ ಮಾತಾಡಿದ್ದನ್ನು ನಾನು ಕೇಳಿಲ್ಲ.

ಮಾತಾಡುವ ಕೆಲಸವನ್ನೆಲ್ಲ ಮಗ ವಹಿಸಿಕೊಂಡಿದ್ದ. ಅಹಿಂಸೆಯನ್ನು ಆತ ಇಸ್ತ್ರಿ ಮಾಡಿದ ಪಂಚೆಯಂತೆ ಉಡುತ್ತಿದ್ದ, ಎಲ್ಲೂ ಕೊಳೆ ತಾಗದ ಹಾಗೆ. ತೋಳಿನ ಮೇಲೆ ಇರುವೆ ಹತ್ತಿದರೆ ನಾಲ್ಕು ಜನ ನೋಡುವವರೆಗೆ ಕಾದು, ಆಮೇಲೆ ಅದನ್ನು ಊದುತ್ತಿದ್ದ. ನಾನು ಬ್ಯಾಗು ಹಿಡಿದು ಹೊರಟರೆ ಜಗಲಿಯಿಂದಲೇ, "ಡಾಕ್ಟ್ರೇ, ನಿಮ್ ಕೈಯಿಂದ ದಿನಾ ಎಷ್ಟು ಜೀವ ಹೋಗ್ತವೋ ಪಾಪ!" ಎನ್ನುತ್ತಿದ್ದ. ನಗುತ್ತಲೇ ಅನ್ನುತ್ತಿದ್ದ. ಆ ನಗು ಕಂಡರೆ ನನಗೆ ಮೈ ಉರಿಯುತ್ತಿತ್ತು.

ಊರಿಗೆ ಆಟೋಗಳು ಬಂದು ಜಟಕಾಗಳು ಮೂಲೆ ಸೇರುತ್ತಿದ್ದ ಕಾಲ ಅದು. ರೈಲ್ವೆ ಸ್ಟೇಷನ್ ಹತ್ತಿರದ ಒಬ್ಬ ಜಟಕಾದವನು ತನ್ನ ಮುದಿ ಕುದುರೆಯನ್ನು ಸಾಕಲಾರದೆ ಯಾರಾದರೂ ತೆಗೆದುಕೊಂಡರೆ ಸಾಕೆಂದು ಒದ್ದಾಡುತ್ತಿದ್ದ. ಮಹಾವೀರ ಜಯಂತಿಯ ದಿನ ಪಾತ್ರೆ ಅಂಗಡಿಯವನು ಆ ಕುದುರೆಯನ್ನು ಮನೆಗೆ ತಂದು, ಹಾರ ಹಾಕಿ, ಶಾಲು ಹೊದಿಸಿ, ಪಕ್ಕದಲ್ಲಿ ನಿಂತು ಫೋಟೋ ತೆಗೆಸಿಕೊಂಡ. ಫೋಟೋ ಪೇಪರಿನಲ್ಲೂ ಬಂತು. ಜಟಕಾದವನು ನನ್ನ ಮುಂದೆ ಕಣ್ಣೊರೆಸಿಕೊಂಡು, "ಒಳ್ಳೆ ಮನೆ ಸೇರ್ಕತ್ತು ಸಾ. ಅದ್ಕೆ ಪಿಂಚಣಿ ಬಂದಂಗಾಯ್ತು ಬುಡಿ" ಅಂದ.

ಆ ಪಿಂಚಣಿ ಎಂಥದ್ದೆಂದು ನಾನು ಗೋಡೆಯಾಚೆಯಿಂದ ನೋಡಿದೆ. ಹಿತ್ತಿಲಿನಲ್ಲಿ ರಟ್ಟಿನ ಡಬ್ಬಗಳ ನಡುವೆ, ಹಿಂಗಾಲಿಗೆ ನೈಲಾನ್ ಹಗ್ಗ ಬಿಗಿದು ಅದನ್ನು ನಿಲ್ಲಿಸಿದ್ದರು. ಪಾತ್ರೆಗಳ ನಡುವೆ ತುರುಕಿ ಬರುತ್ತಿದ್ದ ಪ್ಯಾಕಿಂಗ್ ಹುಲ್ಲೇ ಅದರ ಮೇವು. ಮಗಳ ಬಾಣಂತನಕ್ಕೆಂದು ಅಮ್ಮ ಹಾಸನಕ್ಕೆ ಹೋಗಿದ್ದರು. ಅವರಿಲ್ಲದ ಮೇಲೆ ನೀರಿಡುವವರೂ ಇರಲಿಲ್ಲ. ಒಂದು ಬೆಳಿಗ್ಗೆ ಕೊಳೆತ ವಾಸನೆ ನಮ್ಮ ಅಡಿಗೆಮನೆಗೇ ಬಂತು. ಹೋಗಿ ನೋಡಿದರೆ ಹಗ್ಗ ಮಾಂಸದೊಳಗೆ ಇಳಿದಿದೆ, ಗಾಯದ ತುಂಬ ಹುಳ ಮಿಜಿಗುಡುತ್ತಿವೆ.

ಹಗ್ಗ ಕತ್ತರಿಸಿದೆ. ಔಷಧಿ ತೆಗೆಯುವಷ್ಟರಲ್ಲಿ ಆತ ಓಡಿಬಂದ.

"ಹುಳಾನೂ ಜೀವ ತಾನೇ ಡಾಕ್ಟ್ರೇ? ನಮ್ಮನೆ ಹಿತ್ತಲಲ್ಲಿ ಹಿಂಸೆ ಆಗಕೂಡದು. ಅದರ ಕರ್ಮ, ಅದು ಅನುಭವಿಸ್ಲಿ."

"ಕರ್ಮ ಅಲ್ಲ ರೀ, ನೀವು ಕಟ್ಟಿದ ಹಗ್ಗ!" ಅಂದೆ.

ಆತ ಮುಖ ತಿರುಗಿಸಿ, ನಲ್ಲಿಯಲ್ಲಿ ಕೈ ತೊಳೆದುಕೊಂಡು, ಅಂಗಡಿಗೆ ಹೋಗುವ ಹೊತ್ತಾಯಿತೆಂದು ನನ್ನನ್ನು ಹೊರಗೆ ಕಳಿಸಿ, ಹಿತ್ತಿಲಿನ ಗೇಟಿಗೆ ಬೀಗ ಹಾಕಿದ. ಮನೆಯವನೇ ಬೇಡವೆಂದ ಮೇಲೆ ನಾನು ಒಳನುಗ್ಗುವ ಹಾಗಿರಲಿಲ್ಲ. ಹಾಸನದ ನಂಬರು ಆತನ ಹೆಂಡತಿಯಿಂದ ಇಸಿದುಕೊಂಡು, ಎಸ್‌ಟಿಡಿ ಬೂತಿನಿಂದ ಅಮ್ಮನಿಗೆ ಫೋನ್ ಮಾಡಿದೆ. ಕುದುರೆಯ ಸ್ಥಿತಿ ಹೇಳಿದೆ. ಮಾರನೆಯ ದಿನ ಮಧ್ಯಾಹ್ನ ಗೋಡೆಯಾಚೆಯಿಂದ ಅವರ ದನಿ ಕೇಳಿತು.

"ಡಾಕ್ಟ್ರೇ, ಔಷಧಿ ತಗೊಂಡು ಬನ್ನಿ."

ಹೋದೆ. ಬಸ್ಸಿಳಿದು ಬಂದ ಸೀರೆಯಲ್ಲೇ ಕುದುರೆಯ ಹತ್ತಿರ ಕೂತಿದ್ದರು.

"ಇದು ಹಾಕಿದ್ರೆ ಹುಳ ಸಾಯ್ತವಾ?"

"ಸಾಯ್ತವೆ ಅಮ್ಮ. ಮೇಲಿರೋವನ್ನ ಚಿಮಟದಲ್ಲಿ ತೆಗೀಬೋದು. ಒಳಗಿರೋವು ಸಾಯದೆ ಕುದುರೆ ಉಳಿಯಲ್ಲ."

ಅವರು ಬಾಗಿ ಗಾಯವನ್ನು ನೋಡಿದರು. ಅಡಿಗೆಮನೆಯ ಬಾಗಿಲಲ್ಲಿ ನಿಂತಿದ್ದ ಮಗನಿಗೆ ಅಷ್ಟರಲ್ಲಿ ಉಪಾಯ ಹೊಳೆಯಿತು. "ಹಂಗಾದ್ರೆ ಡಾಕ್ಟ್ರೇ ಹಾಕ್ಲಿ ಬಿಡಮ್ಮ. ಅವರಿಗದು ಡ್ಯೂಟಿ. ನಾವು ನೋಡೋದು ಬೇಡ, ನೀನು ಒಳಗೆ ಬಾ" ಅಂದ.

ಅಮ್ಮ ಅವನತ್ತ ತಿರುಗಿದರು. "ನಾವು ಕರೆಸಿ, ಪಾಪ ಅವರ ಕೈಲಿ ಮಾಡ್ಸೋದಾ? ಮಾಡಿದವರಿಗೂ ಅಂಟ್ತದೆ, ಮಾಡಿಸಿದವರಿಗೂ ಅಂಟ್ತದೆ. ಅಷ್ಟೂ ಗೊತ್ತಿಲ್ವೇನೋ ನಿನಗೆ? ಬಾಟ್ಲಿ ಇಲ್ಲಿ ಕೊಡಿ ಡಾಕ್ಟ್ರೇ."

ಹತ್ತಿಯನ್ನು ಟರ್ಪೆಂಟೈನಿನಲ್ಲಿ ಅದ್ದಿ, ನಾನು ತೋರಿಸಿದ ಹಾಗೆ ಗಾಯದೊಳಗೆ ಇಟ್ಟವರು ಅವರೇ. ಹುಳಗಳು ಒದ್ದಾಡುತ್ತ ಮೇಲಕ್ಕೆ ಬಂದವು. ಇರುವೆ ಕಂಡರೂ ಹೆಜ್ಜೆ ಬದಲಿಸುತ್ತಿದ್ದ ಆ ಹೆಂಗಸು ಕಣ್ಣು ಮುಚ್ಚಲಿಲ್ಲ, ಮುಖ ತಿರುಗಿಸಲಿಲ್ಲ. ತುಟಿ ಮಾತ್ರ ಅಲುಗುತ್ತಿತ್ತು. ಮಂತ್ರವೋ, ಆ ಹುಳಗಳ ಹತ್ತಿರ ಕ್ಷಮೆ ಕೇಳುತ್ತಿದ್ದರೋ... ನಾನು ಕೇಳಲಿಲ್ಲ. ಮಗ ಮೂಗಿಗೆ ಕರವಸ್ತ್ರ ಹಿಡಿದು ಒಳಗೆ ಹೋಗಿ ಬಾಗಿಲು ಹಾಕಿಕೊಂಡ.

ಗಾಯ ಮಾಯುವವರೆಗೆ ಅಮ್ಮ ಒಪ್ಪೊತ್ತು ಊಟ ಮಾಡಿದರು. ಆಮೇಲೆ ಕುದುರೆಯನ್ನು ತಾಂಡವಪುರದ ಒಬ್ಬ ರೈತರ ತೋಟಕ್ಕೆ ಬಿಟ್ಟರು. ನೆನೆಸಿದ ಹುರುಳಿಯನ್ನು ಡಬ್ಬಕ್ಕೆ ತುಂಬಿಕೊಂಡು ಆಗಾಗ ಬಸ್ಸು ಹತ್ತುತ್ತಿದ್ದರು. ಕುದುರೆ ಅಲ್ಲಿ ಹಗ್ಗವಿಲ್ಲದೆ ಕೆಲವು ವರ್ಷ ಬದುಕಿ, ಒಂದು ಮಳೆಗಾಲದಲ್ಲಿ ವಯಸ್ಸಾಗಿ ಸತ್ತಿತು. ಮಗ ಅಲ್ಲಿಗೆ ಒಮ್ಮೆಯೂ ಹೋಗಲಿಲ್ಲ. ಆದರೆ ಹಾರ ಹಾಕಿದ ಫೋಟೋವನ್ನು ಅಂಗಡಿಯಲ್ಲಿ, ಗಿರಾಕಿಗಳಿಗೆ ಕಾಣುವಂತೆ ತೂಗುಹಾಕಿದ್ದ.

ನನಗೆ ವರ್ಗವಾಗಿ ಊರು ಬಿಟ್ಟು ಎಷ್ಟೋ ವರ್ಷದ ಮೇಲೆ, ಎರಡು ಸಾವಿರದ ದಶಕದಲ್ಲಿ, ಅಮ್ಮ ತೀರಿಕೊಂಡ ಸುದ್ದಿ ಬಂತು. ನುಡಿನಮನಕ್ಕೆ ಹೋದೆ. ಕಲ್ಯಾಣ ಮಂಟಪ ತುಂಬಿತ್ತು. ಮಗ ಮೈಕಿನ ಮುಂದೆ ಗದ್ಗದಿತನಾಗಿ, "ನಮ್ಮ ತಾಯಿ ಬದುಕಿರೋವರೆಗೂ ಒಂದು ಹುಳಕ್ಕೂ ನೋವು ಮಾಡಿದವರಲ್ಲ" ಎಂದ. ಜನ ತಲೆದೂಗಿದರು. ಹಳೆಯ ನೆರೆಯವನೆಂದು ನನ್ನನ್ನೂ ಮಾತಿಗೆ ಕರೆದರು. ನಾನು ಆ ಮಧ್ಯಾಹ್ನ ನಡೆದದ್ದನ್ನು ನಡೆದ ಹಾಗೆ ಹೇಳಿದೆ. ಆತ ನನ್ನ ಕೈಯಿಂದ ಮೈಕ್ ತೆಗೆದುಕೊಂಡು, ಅದೇ ನಗು ನಕ್ಕು, "ಡಾಕ್ಟ್ರಿಗೆ ವಯಸ್ಸಾಯ್ತು. ಬೇರೆ ಯಾರದೋ ಮನೇದು ನೆನಪಾಗಿರಬೇಕು" ಅಂದ. ಸಭೆಯೂ ನಕ್ಕಿತು.

ಚಪ್ಪಲಿ ಮೆಟ್ಟುವಾಗ ಹಾಸನದ ಮಗಳು ಹಿಂದೆಯೇ ಬಂದರು. "ನೀವು ಹೇಳಿದ್ದು ನಿಜ ಸಾರ್. ಅಮ್ಮ ಕಡೇವರೆಗೂ ಪ್ರತಿ ವರ್ಷ ಆ ದಿನ ಉಪವಾಸ ಇರ್ತಿದ್ರು. ಅಷ್ಟೊಂದು ಜೀವ ತೆಗ್ದೆ ಕಣೇ ಅಂತ ಅಳ್ತಿದ್ರು" ಅಂದರು.

ಕುದುರೆ ಉಳಿಯಿತಲ್ಲ, ಅಮ್ಮನ ಮನಸ್ಸು ಹಗುರವಾಗಿರಬೇಕು ಎಂದುಕೊಂಡಿದ್ದವನು ನಾನು...

ಆತನ ಅಂಗಡಿ ಈಗ ಮೂರಂತಸ್ತು ಎದ್ದಿದೆಯಂತೆ. ಜೀವದಯೆಯ ಬಗ್ಗೆ ಭಾಷಣಕ್ಕೂ ಕರೆಯುತ್ತಾರಂತೆ. ಅವನ ಮೇಲಿನ ತಾತ್ಸಾರ ನನಗೆ ವಯಸ್ಸಿನ ಜೊತೆ ಕಡಿಮೆಯಾಗಿಲ್ಲ, ಆಗಬೇಕೆಂದೂ ಅನ್ನಿಸಿಲ್ಲ. ಅಮ್ಮನ ಎದುರು ಒಮ್ಮೆ ಕೂತು, ನೀವು ಮಾಡಿದ್ದು ಪಾಪವಲ್ಲ ಎಂದು ವಾದ ಮಾಡಬೇಕಿತ್ತು. ಅವರು ಒಪ್ಪುತ್ತಿರಲಿಲ್ಲ. ಆದರೂ ವಾದ ಮಾಡಬೇಕಿತ್ತು. ಈಗ ಮಾಡೋಣವೆಂದರೆ ಅವರಿಲ್ಲ.