ಹಕ್ಕಿಯ ದಾರಿ, ನಮ್ಮ ದಾರಿ

ರಸ್ತೆ ಇಲಾಖೆಯ ಕಚೇರಿಯಲ್ಲಿ ಅವಳನ್ನು ಹೆಸರು ಹಿಡಿದು ಕರೆಯುವವರಿಲ್ಲ. ಎಲ್ಲರಿಗೂ ಅವಳು ಅಳತೆಯಕ್ಕ. ಇಪ್ಪತ್ತೆಂಟು ವರ್ಷ ಅಳತೆಯ ಚಕ್ರ ತಳ್ಳಿಕೊಂಡು ನಡೆದವಳು. ಚಕ್ರ ಒಂದು ಸುತ್ತು ತಿರುಗಿದರೆ ಒಂದು ಮೀಟರು. ಹಿಡಿಯ ಕೆಳಗಿನ ಪುಟ್ಟ ಡಬ್ಬಿಯಲ್ಲಿ ಅಂಕಿ ಟಕ್ಕೆಂದು ಮಗುಚುತ್ತದೆ. ಗಂಡ ತೀರಿಕೊಂಡ ವರ್ಷವೂ ಅವಳ ಅಳತೆ ಒಂದು ಗೇಣೂ ತಪ್ಪಿರಲಿಲ್ಲ.

ಅವಳ ಊರಿಗೆ ಆಸ್ಪತ್ರೆಯಿರಲಿಲ್ಲ. ಹಲವು ರಾಜ್ಯಗಳ ಒಕ್ಕೂಟ ಹಿಂದುಳಿದ ಊರುಗಳಿಗೆಂದೇ ಅಭಿವೃದ್ಧಿ ನಿಧಿ ಇಟ್ಟಿತ್ತು. ಆದರೆ ಐದು ಕಿಲೋಮೀಟರಿನೊಳಗೆ ಆಸ್ಪತ್ರೆಯಿದ್ದರೆ ಆ ಪಟ್ಟಿಯಲ್ಲಿ ಜಾಗವಿಲ್ಲ. ನದಿಯಾಚೆಯ ರಾಜ್ಯದಲ್ಲೊಂದು ಆಸ್ಪತ್ರೆಯಿತ್ತು. ಯಾರೋ ನಕ್ಷೆಯ ಮೇಲೆ ಅಳತೆಪಟ್ಟಿ ಇಟ್ಟು 'ಮೂರು ಕಿಲೋಮೀಟರು' ಎಂದು ಬರೆದುಬಿಟ್ಟಿದ್ದರು.

ನಿಧಿಯ ನಿಯಮ ತಿದ್ದಲು ಸಮಿತಿಯಾಯಿತು. ಅದರ ಸದಸ್ಯರೊಬ್ಬರು ಅಹವಾಲು ಕೇಳಲು ಕಚೇರಿಗೆ ಬಂದ ಬೆಳಿಗ್ಗೆ ಅಳತೆಯಕ್ಕ ಚಕ್ರದ ಸಮೇತ ಒಳಗೆ ಹೋದಳು.

"ಮೂರೇ ಕಿಲೋಮೀಟರ್ ಅಂತಿದೆಯಲ್ಲಮ್ಮಾ?"

"ಅದು ಹಕ್ಕಿ ದಾರಿ ಸಾರ್. ಹಕ್ಕಿಗೆ ಹೆರಿಗೆ ಆಸ್ಪತ್ರೆ ಬೇಕಾಗಲ್ಲ."

ಹೆಡ್ ಕ್ಲರ್ಕ್ ಕಣ್ಣು ಕೆಕ್ಕರಿಸಿದರು. ಸದಸ್ಯರು ನಕ್ಕರು. "ಹಾಗಾದ್ರೆ ನಿಜವಾಗಿ ಎಷ್ಟು?"

"ನಾನು ಹೇಳಿದ್ರೆ ಬಾಯಿಮಾತಾಗತ್ತೆ. ನಡೀರಿ, ಇದೇ ಹೇಳತ್ತೆ."

ಅವಳ ಮನೆಯ ಹೊಸ್ತಿಲಿಂದ ಹೊರಟರು. ದಡದಲ್ಲಿ ನಿಂತರೆ ಆಚೆ ಆಸ್ಪತ್ರೆಯ ಬಿಳಿ ಕಟ್ಟಡ ಕಾಣುತ್ತಿತ್ತು. ಸೇತುವೆ ಮಾತ್ರ ಎಲ್ಲೋ ದೂರದಲ್ಲಿ. ಏಳನೆಯ ಕಿಲೋಮೀಟರಿನಲ್ಲಿ ಸದಸ್ಯರು ಕುಂಟತೊಡಗಿದರು.

"ಜೀಪ್ ಹಿಂದೇನೇ ಇದೆ, ಹತ್ಕೊಳ್ಳಿ ಸಾರ್. ನಾಚಿಕೆ ಏನಿಲ್ಲ."

"ನೀವು?"

"ನಂಗೆ ಸಂಬಳ ಕೊಡೋದೇ ಇದಕ್ಕೆ."

ಅವರು ಬೂಟು ಬಿಚ್ಚಿ ಕೈಯಲ್ಲಿ ಹಿಡಿದು ನಡೆದರು.

ಹನ್ನೊಂದನೆಯ ಕಿಲೋಮೀಟರಿನಲ್ಲಿ ಅವಳೇ ನಿಂತಳು. "ನನ್ನ ಮೊಮ್ಮಗಳು ಹುಟ್ಟಿದ್ದು ಇಲ್ಲೇ, ಈ ಮರದ ಕೆಳಗೆ. ಗಾಡಿ ಸೇತುವೆ ಮುಟ್ಟೋ ತನಕ ಅವಳು ಕಾಯ್ಲಿಲ್ಲ."

ಸದಸ್ಯರು ಬೂಟುಗಳನ್ನು ಜೀಪಿನೊಳಗೆ ಎಸೆದು ಚಕ್ರದ ಹಿಡಿಗೆ ಕೈ ಹಾಕಿದರು.

"ಅಲ್ಲಾಡಿಸ್ಬೇಡಿ, ನೆಟ್ಟಗೆ ತಳ್ಳಿ," ಎಂದು ಅವಳು ಗದರಿದಳು.

ಆಸ್ಪತ್ರೆಯ ಗೇಟಿಗೆ ಹತ್ತೊಂಬತ್ತು ಕಿಲೋಮೀಟರು, ಇನ್ನೂರು ಮೀಟರು.

ಮರುವರ್ಷದ ಹೊಸ ನಿಯಮದಲ್ಲಿ ಒಂದು ಸಾಲಿತ್ತು: 'ದೂರವನ್ನು ಜನರು ಓಡಾಡುವ ದಾರಿಯಲ್ಲೇ ಅಳೆಯತಕ್ಕದ್ದು.' ಊರು ಪಟ್ಟಿ ಸೇರಿತು. ಪುಟ್ಟ ಆಸ್ಪತ್ರೆ ಎದ್ದು ನಿಂತ ದಿನ ಯಾರೂ ಕೇಳದಿದ್ದರೂ ಅಳತೆಯಕ್ಕ ತನ್ನ ಹೊಸ್ತಿಲಿಂದ ಅಲ್ಲಿಗೆ ಚಕ್ರ ತಳ್ಳಿದಳು. ಮನೆಗೆ ಬಂದು, ಎರಡನೆಯ ಸಲ ಬಸುರಿಯಾಗಿದ್ದ ಮಗಳ ಎದುರು ಚಕ್ರವನ್ನು ಗೋಡೆಗೊರಗಿಸಿದಳು.

"ನಾನೂರ ಹನ್ನೆರಡು ಮೀಟರ್ ಕಣೇ. ಈ ಸಲ ನಿಧಾನಕ್ಕೆ ನಡ್ಕೊಂಡೇ ಹೋಗೋಣ."